ಕನ್ನಡ ದಾಖಲೆಗಳ ಅನುವಾದಕ್ಕೆ ದುಡ್ಡು ಕೊಡಲೇಬೇಕಾ, ಫೋನ್ ಸಾಲದಾ?

ನೀವು ಮಂಡ್ಯದವರು. ಕೆನಡಾದಲ್ಲಿರುವ ತಮ್ಮ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಅರ್ಜಿ ಹಾಕುತ್ತಿದ್ದಾನೆ, ಅಪ್ಪ ಅಮ್ಮನಿಗೂ ವಿಸಿಟರ್ ವೀಸಾ ಮಾಡಿಸಬೇಕು. ಜನನ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಎಲ್ಲವೂ ಕನ್ನಡದಲ್ಲಿವೆ. ಫೋನಿನಲ್ಲಿ ಫೋಟೊ ಹಿಡಿದರೆ ಪುಕ್ಕಟೆ ಇಂಗ್ಲಿಷ್ ಆಗುವಾಗ ಅನುವಾದಕರಿಗೆ ಪುಟಕ್ಕಿಷ್ಟು ಅಂತ ಯಾಕೆ ಕೊಡಬೇಕು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುವವಳು. ನನ್ನ ಹೊಟ್ಟೆಪಾಡಿನ ಮಾತು ಅಂದುಕೊಳ್ಳದೆ ಓದಿ.

ಮೊದಲು ನಿಯಮ. ಕೆನಡಾದ ವಲಸೆ ಇಲಾಖೆ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಇಲ್ಲದ ದಾಖಲೆಗೆ ಅನುವಾದ ಕೇಳುತ್ತದೆ. ಅನುವಾದಕರು ಅಲ್ಲಿನ ಮಾನ್ಯತೆ ಪಡೆದವರಲ್ಲದಿದ್ದರೆ ಅವರ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ, ಜೊತೆಗಿರಬೇಕು. ಅರ್ಜಿದಾರರಾಗಲಿ, ಮನೆಯವರಾಗಲಿ ಮಾಡಿದ ಅನುವಾದ ನಡೆಯುವುದಿಲ್ಲ. ಹಾಗಾಗಿ ನಿಮಗೆ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ತಮ್ಮನ ಕಾಗದವನ್ನು ನೀವು ಮಾಡುವಂತಿಲ್ಲ. ದಾಖಲೆಯ ಮೇಲಿನ ಮೊಹರು, ಸೀಲು ಕೂಡ ಅನುವಾದವಾಗಬೇಕು. ಅರ್ಧ ಅಳಿಸಿದ ಪಂಚಾಯಿತಿ ಮೊಹರನ್ನು ಫೋನ್ ಸಾಮಾನ್ಯವಾಗಿ ಬಿಟ್ಟೇಬಿಡುತ್ತದೆ. ಅಮೆರಿಕದಲ್ಲೂ ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರೇ ಬರೆದುಕೊಡಬೇಕು. ಬ್ರಿಟನ್ ಅವರ ಹೆಸರು, ಸಹಿ, ದಿನಾಂಕ, ಸಂಪರ್ಕದ ವಿವರ ಕೇಳುತ್ತದೆ. ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದು ಎಲ್ಲ ಕಡೆಯೂ ಗೊತ್ತಿರಬೇಕು. ಫೋನಿಗೆ ಆ ಸಹಿ ಹಾಕಲು ಆಗುವುದಿಲ್ಲ.

ಇನ್ನು ನಿಯಮ ಬಿಟ್ಟು ಕೆಲಸಕ್ಕೆ ಬರೋಣ. ನಿಮ್ಮ ಪಹಣಿಯನ್ನೇ ತೆಗೆದು ನೋಡಿ. ವಿಸ್ತೀರ್ಣದ ಕಡೆ 2.20 ಅಂತ ಇದೆ ಅಂದುಕೊಳ್ಳಿ. ನಮ್ಮ ಕಡೆ ಹೊಲ ಉಳುವ ಯಾರನ್ನು ಕೇಳಿದರೂ ಅದು ಎರಡು ಎಕರೆ ಇಪ್ಪತ್ತು ಗುಂಟೆ ಅನ್ನುತ್ತಾರೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ. ಅದೇ ಅಂಕಿಯನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟರೆ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಕೂತ ಅಧಿಕಾರಿ ದಶಮಾಂಶ ಅಂತಲೇ ಓದುತ್ತಾರೆ. ಅಲ್ಲಿಗೆ ನಿಮ್ಮಪ್ಪನ ಜಮೀನಿನಲ್ಲಿ 12 ಗುಂಟೆ ಮಾಯ. ಆಮೇಲೆ ಮೌಲ್ಯಮಾಪನದ ವರದಿಯಲ್ಲಿ ಎರಡೂವರೆ ಎಕರೆ ಅಂತ ಇದ್ದರೆ ಎರಡು ದಾಖಲೆ ಒಂದಕ್ಕೊಂದು ತಾಳೆಯಾಗುವುದಿಲ್ಲ, ಅನುಮಾನ ನಿಮ್ಮ ಮೇಲೆ ಬರುತ್ತದೆ. ಕೆಲಸ ಗೊತ್ತಿರುವ ಅನುವಾದಕರು ಅಂಕಿಯನ್ನು ಇದ್ದ ಹಾಗೇ ಇಟ್ಟು, ಪಕ್ಕದಲ್ಲಿ ಎಕರೆ-ಗುಂಟೆಯ ಲೆಕ್ಕವನ್ನು ಟಿಪ್ಪಣಿಯಾಗಿ ಕೊಡುತ್ತಾರೆ.

ಹೆಸರುಗಳದ್ದು ಇನ್ನೂ ದೊಡ್ಡ ತಲೆನೋವು. ಇಂಗ್ಲಿಷಿನಲ್ಲಿ ಬರೆಯುವಾಗ ಪುಟ್ಟಸ್ವಾಮಿಯ ಕೊನೆಗೆ ‘ವೈ’ ಅಕ್ಷರವೋ ‘ಐ’ ಅಕ್ಷರವೋ ಎನ್ನುವುದು ಪಾಸ್‌ಪೋರ್ಟ್ ನೋಡದೆ ತೀರ್ಮಾನವಾಗುವುದಿಲ್ಲ. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುವುದುಂಟು. ಹುಟ್ಟಿದ ಕೂಡಲೇ ನೋಂದಾಯಿಸಿ, ನಾಮಕರಣದ ನಂತರ ಹೆಸರು ಸೇರಿಸದೇ ಬಿಟ್ಟಿರುತ್ತಾರೆ. ‘ಅಲ್ಲೊಂದು ಹೆಸರು ತುಂಬಿಬಿಡಿ ಮೇಡಂ’ ಅಂತ ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಖಾಲಿ ಇದ್ದದ್ದನ್ನು ಖಾಲಿ ಎಂದೇ ಬರೆಯಬೇಕು. ಹೆಸರು ಸೇರಿಸಲು 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಇದೆ, ತಪ್ಪು ತಿದ್ದಲು 15ನೇ ಕಲಂ ಇದೆ. ಅದು ನೋಂದಣಾಧಿಕಾರಿಯ ಕೆಲಸ, ಅನುವಾದಕಿಯದಲ್ಲ. ಅನುವಾದದಲ್ಲಿ ಮುಚ್ಚಿಟ್ಟ ತಪ್ಪು ಮೂಲದ ಪಕ್ಕ ಇಟ್ಟ ದಿನ ಬಯಲಾಗುತ್ತದೆ, ಆಗ ಇಡೀ ಅರ್ಜಿಯನ್ನೇ ಅನುಮಾನದಿಂದ ನೋಡುತ್ತಾರೆ.

ಒಂದು ಎಚ್ಚರಿಕೆ. ಕೋರ್ಟಿನ ಆಸುಪಾಸಿನಲ್ಲಿ ಟೈಪ್ ಮಾಡಿ ನೋಟರಿ ಸೀಲ್ ಒತ್ತಿಸಿ ಅರ್ಧ ಗಂಟೆಯಲ್ಲಿ ಕೈಗಿಡುವವರು ಸಿಗುತ್ತಾರೆ. ಆ ಸೀಲಿನ ಅರ್ಥ, ಅನುವಾದಕ ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಿದ ಅಂತ ಅಷ್ಟೇ. ಅನುವಾದ ಸರಿಯಿದೆಯೋ ಇಲ್ಲವೋ ನೋಟರಿ ನೋಡಿರುವುದಿಲ್ಲ. ಸಹಿ ಹಾಕಿದ ಮನುಷ್ಯ ಯಾರು, ಎರಡೂ ಭಾಷೆ ಓದಬಲ್ಲನೇ ಅಂತ ನೀವೇ ವಿಚಾರಿಸಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಐರೋಪ್ಯ ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳಿವೆ. ಅದರಲ್ಲಿ ಮಾಲ್ಟೀಸ್ ಕೂಡ ಒಂದು. ಅದನ್ನಾಡುವವರು ಸುಮಾರು ಐದು ಲಕ್ಷ. ಆದರೂ ಒಕ್ಕೂಟದ ಕಾನೂನು ಅವರ ಭಾಷೆಯಲ್ಲೂ ಬರುತ್ತದೆ, ಅದಕ್ಕೆಂದೇ ಸಂಬಳದ ಅನುವಾದಕರಿದ್ದಾರೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಅಂದವರು 4.37 ಕೋಟಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ರಾಷ್ಟ್ರೀಯ ಅನುವಾದ ಮಿಷನ್ ಕೂಡ ಅಲ್ಲೇ ಇದೆ, ಅನುವಾದದ ತರಬೇತಿಯೂ ಆಗುತ್ತದೆ. ಇಷ್ಟಿದ್ದೂ ವಕೀಲರಿಗಿರುವಂಥ ಪರಿಷತ್ತಾಗಲಿ ಸನ್ನದಾಗಲಿ ಅನುವಾದಕರಿಗಿಲ್ಲ. ‘ಎರಡು ಭಾಷೆ ಬಂದರೆ ಆಯ್ತು, ಅದಕ್ಕೇನು ದುಡ್ಡು’ ಅನ್ನುವ ಮಾತು ಕೇಳಿದಾಗ ನನಗೆ ಸಂಕಟವಾಗುವುದು ನನ್ನ ಫೀಸಿಗಾಗಿ ಅಲ್ಲ. ಕನ್ನಡದಲ್ಲಿ ಬರೆದ ಕಾಗದವೂ ಇಂಗ್ಲಿಷ್ ಕಾಗದದಷ್ಟೇ ತೂಕದ್ದು ಅಂತ ನಾವೇ ನಂಬದಿದ್ದರೆ ಒಟ್ಟಾವಾದವರು ನಂಬಬೇಕು ಅಂತ ಹೇಗೆ ಕೇಳುವುದು?

ಎಲ್ಲದಕ್ಕೂ ದುಡ್ಡು ಸುರಿಯಿರಿ ಅಂತಲೂ ಹೇಳುವುದಿಲ್ಲ. ತಮ್ಮನ ಕಾಲೇಜಿನಿಂದ ಬಂದ ಇಮೇಲ್‌ನ ಸಾರಾಂಶ ತಿಳಿಯಲು ಫೋನ್ ಧಾರಾಳವಾಗಿ ಸಾಕು. ಜನನ ಪ್ರಮಾಣಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತದೆಯೇ ಅಂತ ಮೊದಲು ನೋಂದಣಿ ಕಚೇರಿಯಲ್ಲಿ ಕೇಳಿ. ಸಿಕ್ಕರೆ ಆ ಪುಟದ ಖರ್ಚು ಬಹುತೇಕ ಉಳಿಯಿತು. ಹೆಸರು ಖಾಲಿ ಇದ್ದರೆ ಅದನ್ನು ಈಗಲೇ ಸೇರಿಸಿ, ಆಮೇಲೆ ಅನುವಾದಕ್ಕೆ ಕೊಡಿ, ಇಲ್ಲದಿದ್ದರೆ ಎರಡು ಸಲ ಫೀಸು ತೆರಬೇಕಾಗುತ್ತದೆ. ಕೊಡುವಾಗ ಎಲ್ಲರ ಪಾಸ್‌ಪೋರ್ಟ್ ಪ್ರತಿ ಜೊತೆಗಿಡಿ. ಪಹಣಿಯ ಹೊಸ ಪ್ರತಿ ತೆಗೆಸಿ, ಮೊಹರು ಸ್ಪಷ್ಟವಾಗಿ ಕಾಣುವಂತೆ ಸ್ಕ್ಯಾನ್ ಮಾಡಿಸಿ. ಕೈಗೆ ಬಂದ ಅನುವಾದದಲ್ಲಿ ಹೆಸರು, ತಾರೀಕು, ಸರ್ವೆ ನಂಬರು, ವಿಸ್ತೀರ್ಣ ಇವಿಷ್ಟನ್ನು ಮೂಲದ ಜೊತೆ ನೀವೇ ಕೂತು ತಾಳೆ ನೋಡಿ, ಆಮೇಲೆ ಅಫಿಡವಿಟ್‌ಗೆ ಸಹಿ ಹಾಕಿಸಿಕೊಳ್ಳಿ.