ಹಳೆಯ ಎಂಜಿನ್‌ನಲ್ಲಿ ಹಿಡಿದುಕೊಂಡ ಬೋಲ್ಟ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ಕುಂದಾಪುರದ ಮನೆಯಲ್ಲಿ ಹಲವು ವರ್ಷ ಓಡದೆ ನಿಂತಿತ್ತು. ಈಗ ಎಂಜಿನ್ ದುರಸ್ತಿಗೆ ಕೈಹಾಕಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್‌ನ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಜೋಡಣೆ) ಒಂದು ನಟ್ ಕೂಡ ಅಲುಗುತ್ತಿಲ್ಲ. ಸ್ಪ್ಯಾನರ್‌ಗೆ ಉದ್ದನೆಯ ಪೈಪು ತೂರಿಸಿ ಎಳೆದರೆ ಬಿಡುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಪೈಪು ತೂರಿಸಿದರೆ ನಿಮ್ಮ ಕೈಬಲ ಹೆಚ್ಚುತ್ತದೆಯೇ ಹೊರತು ತುಕ್ಕಿನ ಹಿಡಿತ ಎಳ್ಳಷ್ಟೂ ಸಡಿಲವಾಗುವುದಿಲ್ಲ. ಸ್ಟಡ್ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ತಿರುಚಿಕೊಳ್ಳಲು ಆರಂಭಿಸಿದಾಗ ಗಿಡ್ಡ ಸ್ಪ್ಯಾನರ್ ಹಿಡಿದ ಕೈಗೆ ಗೊತ್ತಾಗುವ ಆ ಸಣ್ಣ ಮೆತುವು ಉದ್ದನೆಯ ಪೈಪಿನ ತುದಿಯಲ್ಲಿ ತಿಳಿಯುವುದೇ ಇಲ್ಲ. ತಿಳಿಯುವ ಹೊತ್ತಿಗೆ ಸ್ಟಡ್ ಮುರಿದಿರುತ್ತದೆ.

ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಥ್ರೆಡ್‌ಗಳ (ಸುರುಳಿ ಹಲ್ಲುಗಳ) ನಡುವೆ ಅಷ್ಟು ಜಾಗವಿಲ್ಲದ ಕಾರಣ ತುಕ್ಕು ಅಲ್ಲಿಯೇ ಒತ್ತಿಕೊಂಡು ನಟ್ ಮತ್ತು ಸ್ಟಡ್‌ಗಳನ್ನು ಬೆಸೆದಂತೆ ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ ಇದನ್ನು ಇನ್ನಷ್ಟು ಬೇಗ ಮಾಡುತ್ತದೆ, ಎಕ್ಸಾಸ್ಟ್‌ನಲ್ಲಂತೂ ಪದೇ ಪದೇ ಕಾದು ತಣಿಯುವುದೂ ಸೇರಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಮಾಡಬೇಕಾದ ಕೆಲಸ ತಿರುಗಿಸುವುದಲ್ಲ, ಮೊದಲು ಆ ತುಕ್ಕಿನ ಪದರವನ್ನು ಒಡೆಯುವುದು.

ಹೊರಗೆ ಚಾಚಿರುವ ಥ್ರೆಡ್‌ಗಳನ್ನು ತಂತಿಯ ಬ್ರಷ್‌ನಿಂದ ಚೊಕ್ಕಟ ಮಾಡಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಚ್ಚಿ ಇಡೀ ರಾತ್ರಿ ಬಿಡಿ, ಮರುದಿನವೂ ಹಚ್ಚಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಹಚ್ಚುವುದೂ ರೂಢಿಯಲ್ಲಿದೆ, ಆದರೆ ಅವೆರಡೂ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಬೇಕು, ಬೆಂಕಿಯನ್ನಂತೂ ಹತ್ತಿರಕ್ಕೆ ತರಬಾರದು. ಎಣ್ಣೆ ಇಳಿಯುವಾಗ ನಟ್‌ನ ಮುಖಗಳ ಮೇಲೆ ಸಣ್ಣ ಸುತ್ತಿಗೆಯಿಂದ ಹದವಾಗಿ ತಟ್ಟುತ್ತಿದ್ದರೆ ತುಕ್ಕಿನಲ್ಲಿ ಬಿರುಕು ಬಿದ್ದು ಎಣ್ಣೆಗೆ ದಾರಿಯಾಗುತ್ತದೆ. ಬಳಿಕ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಬಿಟ್ಟು ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಸ್ವಲ್ಪ ಅಲುಗಿದ ಕೂಡಲೇ ಸಂಭ್ರಮದಿಂದ ಪೂರ್ತಿ ತಿರುಗಿಸಲು ಹೋಗದೆ, ಕಾಲು ಸುತ್ತು ಹಿಂದೆ ಮುಂದೆ ಆಡಿಸುತ್ತ, ನಡುನಡುವೆ ಎಣ್ಣೆ ಹಾಕುತ್ತ ಹೊರತೆಗೆಯಿರಿ. ಸ್ಟಡ್‌ಗಳು ಮುರಿಯುವುದು ಬಹುತೇಕ ಈ ಹಂತದ ಆತುರದಲ್ಲಿಯೇ.

ಇಷ್ಟಕ್ಕೂ ಬಗ್ಗದಿದ್ದರೆ ಬಿಸಿಯೇ ಮದ್ದು. ಪೆಟ್ರೋಲ್ ಪೈಪು ಮತ್ತು ಕಾರ್ಬ್ಯುರೇಟರ್ ತೆಗೆದಿಟ್ಟು, ಹಚ್ಚಿದ ಎಣ್ಣೆಯನ್ನು ಒರೆಸಿ, ಗ್ಯಾಸ್ ಟಾರ್ಚಿನ ಸಣ್ಣ ಜ್ವಾಲೆಯನ್ನು ಸ್ಟಡ್‌ಗೆ ತಾಗಿಸದೆ ನಟ್‌ಗೆ ಮಾತ್ರ ಹಿಡಿಯಿರಿ. ಒಳಗಿನ ಸ್ಟಡ್ ಕಾಯುವ ಮೊದಲೇ ನಟ್ ಹಿಗ್ಗಬೇಕು. ಜ್ವಾಲೆ ತೆಗೆದ ಮೇಲೆ ಮೇಣದ ಬತ್ತಿಯನ್ನು ಥ್ರೆಡ್‌ಗೆ ಮುಟ್ಟಿಸಿದರೆ ಕರಗಿದ ಮೇಣ ಒಳಕ್ಕೆ ಇಳಿದು ಜಾರಲು ನೆರವಾಗುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತೊಳೆದ ಭಾಗವನ್ನು ಎಂದಿಗೂ ಕಾಯಿಸಬೇಡಿ, ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಕ ಅನಿಲ ಹುಟ್ಟಬಹುದು.

ಪ್ರಶ್ನೆ: ಹಳೆಯ ಮಾರುತಿ 800 ಕಾರಿನ ಥರ್ಮೋಸ್ಟಾಟ್ (ಎಂಜಿನ್ ತಂಪು ಮಾಡುವ ನೀರಿನ ಹರಿವನ್ನು ನಿಯಂತ್ರಿಸುವ ಭಾಗ) ಮುಚ್ಚಳದ ಬೋಲ್ಟ್ ಬಿಚ್ಚುತ್ತಿಲ್ಲ. ಸುತ್ತ ತುಕ್ಕು ಕಾಣದು, ಬಿಳಿಯ ಪುಡಿ ಮಾತ್ರ ಇದೆ. ಎಣ್ಣೆಯಿಂದ ಉಪಯೋಗವಾಗಲಿಲ್ಲ. — ಹಾಸನದ ಓದುಗರು

ಉತ್ತರ: ಆ ಪುಡಿ ಅಲ್ಯೂಮಿನಿಯಂನದು. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂನೊಳಗೆ ಕುಳಿತು, ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಗಟ್ಟಿ ಪುಡಿಯಾಗಿ ಜಾಗವನ್ನು ತುಂಬಿಕೊಳ್ಳುತ್ತದೆ. ಎಣ್ಣೆ ಇದರೊಳಗೆ ಸುಲಭವಾಗಿ ಇಳಿಯದು. ಇಲ್ಲಿ ಬಿಸಿ ಮಾಡಬೇಕಾದದ್ದು ಬೋಲ್ಟನ್ನಲ್ಲ, ಸುತ್ತಲಿನ ಅಲ್ಯೂಮಿನಿಯಂ ಅನ್ನು. ಅದು ಉಕ್ಕಿಗಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದೆ. ಎರಡೂ ಒಟ್ಟಿಗೆ ನೂರು ಡಿಗ್ರಿಯಷ್ಟು ಬಿಸಿಯೇರಿದರೂ 8 ಮಿಲಿಮೀಟರ್ ರಂಧ್ರದಲ್ಲಿ ಸುಮಾರು 0.009 ಮಿಲಿಮೀಟರ್ ಅಂತರ ಸಿಗುತ್ತದೆ. ಕೇಳಲು ಅಲ್ಪವೆನಿಸಿದರೂ ಹಿಡಿತ ಸಡಿಲಿಸಲು ಅದು ಅನೇಕ ಬಾರಿ ಸಾಕಾಗುತ್ತದೆ. ಹೀಟ್ ಗನ್ ಬಳಸಿ, ನೀರಿನ ಹನಿ ಚುರ್ರೆಂದು ಹಾರಿಹೋಗುವ ತನಕ ಮಾತ್ರ ಕಾಯಿಸಿ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವ ಲೋಹವಲ್ಲ, ಬಣ್ಣ ಬದಲಾಗದೆಯೇ ಕುಸಿದುಬಿಡುತ್ತದೆ.

ಪ್ರಶ್ನೆ: ಸ್ಟಡ್ ಈಗಾಗಲೇ ಹೆಡ್‌ನ (ಎಂಜಿನ್‌ನ ಮೇಲ್ಭಾಗದ ಲೋಹದ ಭಾಗ) ಮಟ್ಟಕ್ಕೆ ಮುರಿದುಹೋಗಿದ್ದರೆ ಏನು ಮಾಡಬೇಕು?

ಉತ್ತರ: ಮುರಿದ ತುದಿಯ ಮೇಲೆ ನಟ್ ಇಟ್ಟು, ಅದರ ರಂಧ್ರದೊಳಗಿನಿಂದ ವೆಲ್ಡ್ ಮಾಡಿಸಿ, ಆ ನಟ್ ಹಿಡಿದು ಸ್ಟಡ್ ತಿರುಗಿಸಿ ತೆಗೆಯುವುದು ನನ್ನ ಮೊದಲ ಆಯ್ಕೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂ ಹೆಡ್‌ಗೆ ಅಂಟುವುದಿಲ್ಲ, ಅದರ ಕಾವೇ ಹಿಡಿತವನ್ನೂ ಬಿಡಿಸುತ್ತದೆ. ವೆಲ್ಡ್‌ಗೆ ಮೊದಲು ಬ್ಯಾಟರಿಯ ಸಂಪರ್ಕ ಕಳಚಿರಬೇಕು. ಸ್ಟಡ್‌ಗೆ ರಂಧ್ರ ಕೊರೆದು ಎಕ್ಸ್‌ಟ್ರ್ಯಾಕ್ಟರ್ (ಮುರಿದ ತುಂಡನ್ನು ಕಚ್ಚಿ ತಿರುಗಿಸಿ ತೆಗೆಯುವ ಉಪಕರಣ) ತೂರಿಸುವವರು ನೆನಪಿಡಬೇಕಾದದ್ದೇನೆಂದರೆ, ಎಕ್ಸ್‌ಟ್ರ್ಯಾಕ್ಟರ್ ಬಹಳ ಗಡುಸಾದ, ಆದರೆ ಪೆಡಸಾದ ಉಕ್ಕು; ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಎಲ್ಲವೂ ಕೈಕೊಟ್ಟರೆ ಹೆಡ್ ಬಿಚ್ಚಿ ಒಳ್ಳೆಯ ಲೇತ್ ಅಂಗಡಿಗೆ ಒಯ್ದು, ನೇರವಾಗಿ ಕೊರೆಸಿ, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಉಕ್ಕಿನ ತಂತಿಯ ಸುರುಳಿ) ಹಾಕಿಸಿ. ಹೀಗೆ ಕೂರಿಸಿದ ಉಕ್ಕಿನ ಥ್ರೆಡ್ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿಯಾಗಿರುತ್ತದೆ.

ಮರಳಿ ಜೋಡಿಸುವಾಗ ಎಕ್ಸಾಸ್ಟ್‌ಗೆ ಹೊಸ ಸ್ಟಡ್‌ಗಳನ್ನೂ ಹಿತ್ತಾಳೆಯ ನಟ್‌ಗಳನ್ನೂ ಬಳಸಿ, ಥ್ರೆಡ್‌ಗೆ ತಾಮ್ರದ ಗ್ರೀಸ್ ತೆಳುವಾಗಿ ಸವರಿ. ಕೈಪಿಡಿಯಲ್ಲಿರುವ ಟಾರ್ಕ್ (ತಿರುಗಿಸಿ ಬಿಗಿ ಮಾಡುವ ಬಲದ ಅಳತೆ) ಒಣ ಥ್ರೆಡ್‌ಗೆ ಹೇಳಿದ್ದಾದರೆ, ಗ್ರೀಸ್ ಹಚ್ಚಿದಾಗ ಅದಕ್ಕಿಂತ ತುಸು ಕಡಿಮೆ ಬಿಗಿ ಮಾಡಬೇಕು.