ಕ್ಯಾಲಿಪರ್ ಸರಿ ತೋರಿಸಿದರೂ ಬೇರಿಂಗ್ ಸಡಿಲವೇಕೆ?

ಪ್ರಶ್ನೆ: ಹಳೆಯ ಲೇತಿನಲ್ಲಿ 25 ಮಿ.ಮೀ. ಬೇರಿಂಗ್ ಸೀಟ್ (ಶಾಫ್ಟಿನಲ್ಲಿ ಬೇರಿಂಗ್ ಕೂರುವ ಭಾಗ) ಟರ್ನಿಂಗ್ ಮಾಡುತ್ತೇವೆ. ಡ್ರಾಯಿಂಗಿನಲ್ಲಿ ಕೆ6 (ವ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಗುರುತು) ಎಂದಿದೆ. ಡಿಜಿಟಲ್ ಕ್ಯಾಲಿಪರ್ 25.01 ತೋರಿಸಿದರೂ ಸಡಿಲವೆಂದು ಜಾಬ್ ವಾಪಸು ಬರುತ್ತದೆ. ಇದೂ ಇಲ್ಲದ ಕಾಲದಲ್ಲಿ ಹಿಂದಿನವರು ಹೇಗೆ ಮಾಡುತ್ತಿದ್ದರು? ಉಪಕರಣಗಳು ನಿಜಕ್ಕೂ ಎಷ್ಟು ಸುಧಾರಿಸಿವೆ?

ಉತ್ತರ: ಸೂಕ್ಷ್ಮವಾಗಿ ಅಳೆಯುವ ವಿದ್ಯೆ ನೀವು ಅಂದುಕೊಂಡದ್ದಕ್ಕಿಂತ ಹಳೆಯದು. 1776ರಲ್ಲಿ ಇಂಗ್ಲೆಂಡಿನ ಕಬ್ಬಿಣದ ಉದ್ಯಮಿ ವಿಲ್ಕಿನ್ಸನ್ ಕೊರೆದ 50 ಇಂಚಿನ ಉಗಿ ಎಂಜಿನ್ ಸಿಲಿಂಡರಿನ ದೋಷ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ಇಲ್ಲವೆಂದು ಜೇಮ್ಸ್ ವಾಟ್‌ನ ಪಾಲುದಾರ ಬೋಲ್ಟನ್ ಹಿಗ್ಗಿದ್ದ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲೆಯ ಬೆಂಚ್ ಮೈಕ್ರೋಮೀಟರ್ ಇಂಚಿನ ಹತ್ತು ಸಾವಿರದಲ್ಲೊಂದು ಭಾಗವನ್ನು, ಅಂದರೆ ಎರಡೂವರೆ ಮೈಕ್ರಾನನ್ನು (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ), ಹಿಡಿಯುತ್ತಿತ್ತು. ಅಳತೆಯ ಜಗಳಕ್ಕೆ ಅದರದೇ ಕೊನೆಯ ತೀರ್ಪು. ಹಾಗಾಗಿ ಅದಕ್ಕೆ, ಇಂಗ್ಲೆಂಡಿನ ಹಿರಿಯ ನ್ಯಾಯಾಧಿಕಾರಿಯ ಪದವಿಯಾದ 'ಲಾರ್ಡ್ ಚಾನ್ಸಲರ್' ಎಂಬ ಹೆಸರು. ಇಂದಿಗೂ ಮೈಕ್ರೋಮೀಟರ್ ಪರೀಕ್ಷಿಸುವ ಸ್ಲಿಪ್ ಗೇಜ್ (ನಿಖರ ದಪ್ಪದ ತುಂಡುಗಳು), ಸ್ವೀಡನ್ನಿನ ಯೋಹಾನ್ಸನ್ 1896ರಲ್ಲಿ ಯೋಚಿಸಿದ್ದು.

ದೊಡ್ಡ ಜಿಗಿತ ಆಗಿರುವುದು ವೇಗದಲ್ಲಿ. ಮೈಲ್ಡ್ ಸ್ಟೀಲನ್ನು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ನಿಮಿಷಕ್ಕೆ ಸುಮಾರು 30 ಮೀಟರಿನಲ್ಲಿ ಕತ್ತರಿಸಿದರೆ, ಕೋಟಿಂಗ್ ಇರುವ ಕಾರ್ಬೈಡ್ 150 ದಾಟುತ್ತದೆ. ನಿಮ್ಮ ಶಾಫ್ಟಿಗೆ ಅದು ನಿಮಿಷಕ್ಕೆ 380 ಸುತ್ತಿಗೂ 1,900 ಸುತ್ತಿಗೂ ಇರುವ ಅಂತರ. ಇನ್ನೊಂದು ಲಾಭ, ಸಾವಿರ ಜಾಬನ್ನು ಒಂದೇ ಅಳತೆಗೆ ತೆಗೆಯುವ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರ.

ಈಗ ನಿಮ್ಮ ಸಡಿಲ ಬೇರಿಂಗಿಗೆ ಬರೋಣ. 25ಕ್ಕೆ ಕೆ6 ಎಂದರೆ 25.002ರಿಂದ 25.015, ಸಿಗುವ ಜಾಗ ಬರೀ 13 ಮೈಕ್ರಾನ್. ಕ್ಯಾಲಿಪರ್ 0.01 ತೋರಿಸುತ್ತದೆ ನಿಜ, ಆದರೆ ಅದರ ದೋಷ ಆಚೀಚೆ 0.02 ಇರಬಹುದು. ಅದರ ಸ್ಕೇಲ್ ಜಾಬಿನ ನೇರಕ್ಕಿಲ್ಲ. ಒತ್ತಿ ಹಿಡಿದರೆ ದವಡೆ ವಾಲುತ್ತದೆ. ಮೈಕ್ರೋಮೀಟರಿನಲ್ಲಿ ಸ್ಕ್ರೂ ಜಾಬಿನ ನೇರಕ್ಕೇ ಇರುತ್ತದೆ.

ಎರಡನೆಯ ಕಳ್ಳ ಬಿಸಿ. ಆಗಷ್ಟೇ ಕತ್ತರಿಸಿದ ಜಾಬ್ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ 25 ಮಿ.ಮೀ. ಉಕ್ಕು ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ. ಆರಿದ ಮೇಲೆ ಕುಗ್ಗಿ ಬೇರಿಂಗ್ ಜಾರುತ್ತದೆ.

25–50ರ ಮೈಕ್ರೋಮೀಟರ್ ಬಳಸಿ. 0–25ರದ್ದು ನಿಮ್ಮ ಅಳತೆಗೆ ಎಟುಕುವುದೇ ಇಲ್ಲ. 25ರ ಸೆಟ್ಟಿಂಗ್ ಪೀಸ್ ಹಿಡಿದು ಝೀರೋ ನೋಡಿ. ಅಳೆಯುವಾಗ ತಿರುಗಿಸಬೇಕಾದ್ದು ಒತ್ತಡ ಮಿತಿಯಲ್ಲಿಡುವ ತುದಿಯ ರ್‍ಯಾಚೆಟ್ ಮಾತ್ರ. ಕೊನೆಗೆ 0.2 ಮಿ.ಮೀ. ಉಳಿಸಿಕೊಂಡು, ಆರಿಸಿ ಅಳೆದು, ವ್ಯಾಸದಲ್ಲಿ 0.1ರಂತೆ ಎರಡು ಸಮ ಕಟ್ ಕೊಡಿ. ಎರಡರ ನಡುವೆಯೂ ಆರಿಸಿ ಅಳೆಯಿರಿ. 0.02 ಮಾತ್ರ ಉಳಿಸಿಕೊಂಡರೆ ಕಾರ್ಬೈಡ್ ಟಿಪ್ ಕತ್ತರಿಸದೆ ಉಜ್ಜುತ್ತದೆ. ಸೀಟಿನ ಎರಡೂ ತುದಿ ಅಳೆಯಿರಿ: ಟೇಪರ್ (ಎರಡು ತುದಿಯ ವ್ಯಾಸದ ವ್ಯತ್ಯಾಸ) 5 ಮೈಕ್ರಾನ್ ಮೀರಿದರೆ, ಹಳೆಯ ಲೇತಿನ ಜೊತೆ ಗುದ್ದಾಡದೆ ಮುಂದಿನ ಜಾಬುಗಳನ್ನು 0.3 ಬಿಟ್ಟು ಗ್ರೈಂಡಿಂಗಿಗೆ ಕೊಡುವುದು ಒಳ್ಳೆಯದು.