ದೊಡ್ಡ ರೀಫ್ ಟ್ಯಾಂಕ್: ಬಿಳಿ ಚುಕ್ಕೆ ಮಾಯವಾದರೆ ಕಾಯಿಲೆ ಹೋಯಿತು ಅಂತಲ್ಲ

ಪ್ರಶ್ನೆ: ನಮ್ಮದು 900 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಎರಡೂ ಇರುವ ಉಪ್ಪುನೀರಿನ ಟ್ಯಾಂಕ್. ಎರಡು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಹತ್ತು ದಿನದ ಹಿಂದೆ ಪೌಡರ್ ಬ್ಲೂ ಟ್ಯಾಂಗ್ ಒಂದನ್ನು ತಂದು ನೇರ ಬಿಟ್ಟೆವು. ನಾಲ್ಕನೇ ದಿನ ಅದರ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದವು. ಎರಡು ದಿನದಲ್ಲಿ ತಾವಾಗಿಯೇ ಹೋದವು. ವಾಸಿಯಾಯಿತು ಅಂದುಕೊಂಡಿದ್ದೆವು. ಈಗ ಇನ್ನೂ ಮೂರು ಮೀನಿಗೆ ಅದೇ ಚುಕ್ಕೆ. ಒಟ್ಟು 11 ಮೀನಿವೆ. ಹವಳಕ್ಕೆ ತೊಂದರೆ ಮಾಡದ ಔಷಧಿ ಇದೆಯಾ?

ಉತ್ತರ: ಮೊದಲು ಆ ಎರಡು ದಿನದ ವಿಷಯ ಹೇಳುತ್ತೇನೆ. ಎಲ್ಲರೂ ಮೋಸ ಹೋಗುವುದು ಅಲ್ಲೇ.

ನೀವು ಹೇಳುವ ಲಕ್ಷಣ ನೋಡಿದರೆ ಇದು ಮರೈನ್ ಇಕ್. ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿ ಜೀವಿಯಿಂದ ಬರುವ ಕಾಯಿಲೆ. ಅದು ಮೀನಿನ ಚರ್ಮದೊಳಗೆ, ಕಿವಿರಿನೊಳಗೆ ಹೊಕ್ಕು ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ನಿಮಗೆ ಕಾಣುವ ಬಿಳಿ ಚುಕ್ಕೆ ಅದೇ. ಹೊಟ್ಟೆ ತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು, ಗಟ್ಟಿ ಕೋಶ ಕಟ್ಟಿಕೊಂಡು, ಒಳಗೇ ಒಂದು ನೂರಾರಾಗುತ್ತದೆ. ಕೋಶ ಒಡೆದಾಗ ಹೊರಬರುವ ಮರಿಗಳು ಈಜುತ್ತಾ ಮೀನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಹೊರಬರುವುದು ಹೆಚ್ಚಾಗಿ ಕತ್ತಲಲ್ಲಿ, ಮೀನುಗಳು ಕಲ್ಲಿನ ಸಂದಿಯಲ್ಲಿ ಮಲಗಿರುವ ಹೊತ್ತಿನಲ್ಲಿ.

ಅಂದರೆ ನಿಮ್ಮ ಟ್ಯಾಂಗ್ ವಾಸಿಯಾಗಿರಲಿಲ್ಲ. ಅದರ ಮೈಮೇಲಿದ್ದದ್ದು ಕೆಳಗಿಳಿದು ಸಂಸಾರ ಬೆಳೆಸುತ್ತಿತ್ತು ಅಷ್ಟೆ. ಇಂಥ ಹೊತ್ತಿನಲ್ಲಿ ಬೆಳ್ಳುಳ್ಳಿ ಹಾಕಿದವರು ಬೆಳ್ಳುಳ್ಳಿಯಿಂದ ಹೋಯಿತು ಅನ್ನುತ್ತಾರೆ. ಬಾಟಲಿ ಔಷಧಿ ಹಾಕಿದವರು ಔಷಧಿಯಿಂದ ಹೋಯಿತು ಅನ್ನುತ್ತಾರೆ. ಏನೂ ಹಾಕದಿದ್ದರೂ ಚುಕ್ಕೆ ಹೋಗುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹವಳವಿರುವ ಟ್ಯಾಂಕಿಗೆ ಹಾಕಿ ಈ ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧಿ ಅಂತ ನಾನು ನಂಬಿ ಹೇಳಬಹುದಾದದ್ದು ಒಂದೂ ಇಲ್ಲ. ಗ್ಯಾರಂಟಿಯಾಗಿ ಕೆಲಸ ಮಾಡುವುದು ತಾಮ್ರ. ಅದು ಹವಳ, ಸಿಗಡಿ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತದೆ. ಯುವಿ ದೀಪ ಈಜುವ ಮರಿಗಳಲ್ಲಿ ಒಂದಷ್ಟನ್ನು ಕಡಿಮೆ ಮಾಡುತ್ತದೆ, ಕಲ್ಲಿಗೆ ಅಂಟಿಕೊಂಡ ಕೋಶವನ್ನು ಮುಟ್ಟುವುದಿಲ್ಲ.

ಹಾಗಾಗಿ ಮೀನು ಹೊರಗೆ ಬರಬೇಕು. ಹನ್ನೊಂದೂ ಬರಬೇಕು. ಚುಕ್ಕೆ ಇರುವ ನಾಲ್ಕನ್ನು ಮಾತ್ರ ಹಿಡಿದರೆ ಉಪಯೋಗವಿಲ್ಲ, ಉಳಿದ ಏಳರ ಕಿವಿರಿನಲ್ಲಿ ಕಣ್ಣಿಗೆ ಕಾಣದಂತೆ ಇರುತ್ತದೆ. 900 ಲೀಟರಿನಲ್ಲಿ ಬಲೆ ಹಿಡಿದು ಓಡಿಸಿದರೆ ಮೀನಿಗೂ ನಿಮಗೂ ಸುಸ್ತು, ಹವಳ ಮುರಿಯುವುದು ಬೇರೆ. ಸ್ವಚ್ಛವಾದ ದೊಡ್ಡ ಡ್ರಮ್ಮುಗಳಿಗೆ ನೀರನ್ನು ಇಳಿಸಿಕೊಳ್ಳಿ. ಒಂದು ಗೇಣು ನೀರು ಉಳಿದಾಗ ಮೀನಿಗೆ ಓಡಲು ಜಾಗ ಇರುವುದಿಲ್ಲ. ಹಿಡಿದು ಮುಗಿದ ಮೇಲೆ ಅದೇ ನೀರನ್ನು ವಾಪಸ್ ತುಂಬಿ. ಮುಕ್ಕಾಲು ಗಂಟೆ ನೀರಿನಿಂದ ಮೇಲೆ ಉಳಿದ ಹವಳ ಒದ್ದೆಯಾಗಿದ್ದರೆ ಸಾಕು, ತಡೆದುಕೊಳ್ಳುತ್ತದೆ. ಆಗಾಗ ಒಂದು ಮಗ್ ನೀರು ಸುರಿಯುತ್ತಿರಿ.

ಹಿಡಿದ ಮೀನಿಗೆ ತಾಮ್ರ ಕೊಡುವ ಬೇರೆ ಟ್ಯಾಂಕ್, ಅಂದರೆ ಆಸ್ಪತ್ರೆ ಟ್ಯಾಂಕಿಗೆ ಮರಳು ಬೇಡ, ಕಲ್ಲು ಬೇಡ. ಎರಡೂ ತಾಮ್ರವನ್ನು ಹೀರಿಕೊಂಡು ಅಳತೆ ಕೆಡಿಸುತ್ತವೆ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು, ಒಂದು ಹೀಟರ್, ಏರ್ ಪಂಪಿಗೆ ಕಟ್ಟಿದ ಸ್ಪಂಜ್ ಫಿಲ್ಟರ್ ಸಾಕು. 11 ಮೀನಿಗೆ ಒಂದರ ಬದಲು ಎರಡು ಟ್ಯಾಂಕ್ ಇಟ್ಟರೆ ಒಳ್ಳೆಯದು, ಟ್ಯಾಂಗನ್ನು ಬೇರೆ ಇಡಬಹುದು. ಕೀಲೇಟೆಡ್ ತಾಮ್ರವಾದರೆ (ಬೇರೆ ವಸ್ತುವಿಗೆ ಕಟ್ಟಿಹಾಕಿದ ತಾಮ್ರ) ಸಾಮಾನ್ಯವಾಗಿ 2ರಿಂದ 2.5 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಬೇಕು. ಬಾಟಲಿಯ ಮೇಲಿನ ಅಳತೆಯೇ ಕೊನೆಯ ಮಾತು, ಏಕೆಂದರೆ ಹಾಗೆ ಕಟ್ಟಿಹಾಕದ ಅಯಾನಿಕ್ ತಾಮ್ರದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಒಂದೇ ದಿನ ಪೂರ್ತಿ ಹಾಕಬೇಡಿ, ಮೂರ್ನಾಲ್ಕು ದಿನದಲ್ಲಿ ಏರಿಸಿ. ಪೂರ್ತಿ ಪ್ರಮಾಣ ಮುಟ್ಟಿದ ಮೇಲೆ 30 ದಿನ ಇಳಿಯದಂತೆ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಲೆಕ್ಕ ಮೊದಲಿನಿಂದ. ಡಿಜಿಟಲ್ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಇನ್ನೊಂದು ಮಾತು. ಆಸ್ಪತ್ರೆ ಟ್ಯಾಂಕಿನಲ್ಲಿ ಇಕ್‌ಗಿಂತ ಅಮೋನಿಯಾಕ್ಕೇ ಜಾಸ್ತಿ ಮೀನು ಸಾಯುವುದನ್ನು ನೋಡಿದ್ದೇನೆ. ದಿನಾ ಪರೀಕ್ಷಿಸಿ. ನೀರು ಬದಲಿಸಿದಾಗ ಹೊಸ ನೀರಿಗೂ ಅಷ್ಟೇ ತಾಮ್ರ ಸೇರಿಸಿ. ಅಮೋನಿಯಾ ಇಳಿಸುವ ದ್ರಾವಣಗಳನ್ನು ಮಾತ್ರ ತಾಮ್ರದ ಜೊತೆ ಬೆರೆಸಬೇಡಿ, ತಾಮ್ರ ವಿಷವಾಗಿ ತಿರುಗಬಹುದು.

ಅತ್ತ ದೊಡ್ಡ ಟ್ಯಾಂಕಿನಲ್ಲಿ 76 ದಿನ ಒಂದೂ ಮೀನು ಇರಬಾರದು. ಒಂದು ಕೋಶ 72 ದಿನದ ಮೇಲೂ ಒಡೆದದ್ದು ದಾಖಲಾಗಿದೆ, ಈ ಲೆಕ್ಕ ಬಂದದ್ದು ಅದರಿಂದ. ಈ ದಿನಗಳಲ್ಲಿ ಹೊಸ ಹವಳ, ಹೊಸ ಬಸವನಹುಳು ಯಾವುದನ್ನೂ ತರಬೇಡಿ. ಅವುಗಳ ಚಿಪ್ಪಿಗೆ ಅಂಟಿಕೊಂಡೂ ಕೋಶ ಬರುತ್ತದೆ. ಮೀನಿಲ್ಲದಿದ್ದರೆ ನೈಟ್ರೇಟ್ (ಮೀನಿನ ತ್ಯಾಜ್ಯದಿಂದ ಬರುವ, ಹವಳಕ್ಕೂ ಬೇಕಾದ ಪೋಷಕಾಂಶ) ಪೂರ್ತಿ ಇಳಿದುಹೋಗಬಹುದು, ಆದ್ದರಿಂದ ಹವಳಕ್ಕೆ ಸ್ವಲ್ಪ ಸ್ವಲ್ಪ ಆಹಾರ ಹಾಕುತ್ತಿರಿ. ಎರಡೂ ಕಡೆಗೆ ಒಂದೇ ಬಲೆ, ಒದ್ದೆ ಕೈ ಬೇಡ.

ಒಂದು ಎಚ್ಚರ. ಚುಕ್ಕೆ ಉಪ್ಪಿನ ಹರಳಿನಷ್ಟಿರದೆ ಹಿಟ್ಟು ಉದುರಿಸಿದಷ್ಟು ಸಣ್ಣದಾಗಿ, ಮೈಯೆಲ್ಲಾ ಮಂಜು ಕವಿದಂತೆ ಕಂಡರೆ ಅದು ವೆಲ್ವೆಟ್, ಅಂದರೆ ಅಮೈಲೂಡಿನಿಯಂ ಎಂಬ ಇನ್ನೊಂದು ಪರಾವಲಂಬಿಯ ಕಾಯಿಲೆ. ಮೀನು ಊಟ ಬಿಡುತ್ತದೆ, ಬೆಳಕಿಗೆ ಬೆನ್ನು ತಿರುಗಿಸುತ್ತದೆ, ವೇವ್‌ಮೇಕರಿನ (ಅಲೆ ಎಬ್ಬಿಸುವ ಪಂಪು) ಎದುರು ನಿಂತು ಏದುಸಿರು ಬಿಡುತ್ತದೆ. ಅದಕ್ಕೆ ನಾಳೆ ಅಂತ ಕಾಯುವ ಹಾಗಿಲ್ಲ. ಎರಡು ದಿನದಲ್ಲಿ ಟ್ಯಾಂಕ್ ಖಾಲಿಯಾಗಬಹುದು. ಅಂದೇ ಹಿಡಿಯಿರಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಆ ತಪ್ಪನ್ನು ನಾನೂ ಮಾಡಿದ್ದೇನೆ. ತುಂಬಾ ಚೆನ್ನಾಗಿ ತಿನ್ನುತ್ತಿದ್ದ, ಮೈ ಮಿಂಚುತ್ತಿದ್ದ ಒಂದು ಮೀನನ್ನು ಕ್ವಾರಂಟೈನ್ ಇಲ್ಲದೆ ಬಿಟ್ಟೆ. ಆರು ವರ್ಷ ಸಾಕಿದ್ದ ಒಂದು ಜೋಡಿ ಕ್ಲೌನ್ ಮೀನು ಆ ವಾರ ಹೋದವು. ಸಣ್ಣ ಟ್ಯಾಂಕಾದರೆ ಎಲ್ಲವನ್ನೂ ತೆಗೆದು ತೊಳೆದು ಶುರು ಮಾಡಬಹುದು. ದೊಡ್ಡದರಲ್ಲಿ ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಅಂದಿನಿಂದ ಪ್ರತಿ ಮೀನಿಗೂ ಕ್ವಾರಂಟೈನ್ ಟ್ಯಾಂಕಿನಲ್ಲಿ ತಿಂಗಳ ವಾಸ. ಎಷ್ಟೇ ಚೆಂದ ಇರಲಿ.

ಪ್ರಶ್ನೆ: ನೀರಿನ ಮಟ್ಟ ದಿನಾ ಇಳಿಯುತ್ತದೆ. ಉಪ್ಪು ನೀರೇ ಬೆರೆಸಿ ತುಂಬುತ್ತಿದ್ದೇನೆ. ಸರಿ ಅಲ್ವಾ?

ಉತ್ತರ: ಸರಿಯಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಉಪ್ಪು ನೀರು ತುಂಬುತ್ತಾ ಹೋದರೆ ಸಲಿನಿಟಿ, ಅಂದರೆ ಉಪ್ಪಿನ ಪ್ರಮಾಣ, ಸುಮ್ನೆ ಏರುತ್ತಾ ಹೋಗುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಸೊನ್ನೆ ಇರುವ ಆರ್‌ಓ ಡಿಐ ಫಿಲ್ಟರಿನಲ್ಲಿ ಶುದ್ಧ ಮಾಡಿದ ನೀರನ್ನೇ ಹಾಕಿ. ಗುರಿ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು), ಸ್ಪೆಸಿಫಿಕ್ ಗ್ರಾವಿಟಿಯಲ್ಲಿ ಹೇಳುವುದಾದರೆ 1.026. ಈಗ ಏರಿದ್ದರೆ ಒಮ್ಮೆಲೇ ಇಳಿಸಬೇಡಿ, ಕೆಲವು ದಿನ ತೆಗೆದುಕೊಳ್ಳಿ. ಉಪ್ಪಿನ ಪ್ರಮಾಣ ಅಳೆಯುವ ರಿಫ್ರ್ಯಾಕ್ಟೊಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ.

ಆವಿಯಾದಷ್ಟು ನೀರನ್ನು ತಾನಾಗಿ ತುಂಬುವ ಆಟೊ ಟಾಪ್ ಆಫ್ ಹಾಕಿಸಿಕೊಳ್ಳುವುದಾದರೆ ಅದರ ನೀರಿನ ಡಬ್ಬಿ ತೀರಾ ದೊಡ್ಡದು ಬೇಡ. ಫ್ಲೋಟ್ ಸಿಕ್ಕಿಹಾಕಿಕೊಂಡು ಡಬ್ಬಿ ಪೂರ್ತಿ ಖಾಲಿಯಾದರೂ ಟ್ಯಾಂಕ್ ಉಳಿಯುವಷ್ಟು ಇರಲಿ.

ಪ್ರಶ್ನೆ: ಅಕ್ರೋಪೋರ ಹವಳದ ತುದಿಗಳು ಸುಟ್ಟಂತೆ ಬಿಳಿಯಾಗುತ್ತಿವೆ. ಪ್ರತಿ ಭಾನುವಾರ ಪರೀಕ್ಷಿಸುತ್ತೇನೆ. ಆಲ್ಕಲಿನಿಟಿ (ನೀರಿನಲ್ಲಿರುವ ಕಾರ್ಬೊನೇಟಿನ ಅಳತೆ, ಡಿಕೆಎಚ್ ಲೆಕ್ಕದಲ್ಲಿ) 7ಕ್ಕೆ ಇಳಿದಿರುತ್ತದೆ, ಅಂದೇ ದ್ರಾವಣ ಹಾಕಿ 9.8ಕ್ಕೆ ಏರಿಸುತ್ತೇನೆ. ಕ್ಯಾಲ್ಸಿಯಂ 420ರ ಆಸುಪಾಸಿನಲ್ಲೇ ಇದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಎಲ್ಲ ಸರಿಯಿದ್ದೂ ಯಾಕೆ ಹೀಗೆ?

ಉತ್ತರ: ನೀವು ಸರಿ ಅಂದುಕೊಂಡ ಎರಡು ವಿಷಯಗಳೇ ಕಾರಣ.

ಹವಳ ತನ್ನ ಮೂಳೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಕಟ್ಟುತ್ತದೆ. ಪ್ರತಿ 2.8 ಡಿಕೆಎಚ್ ಆಲ್ಕಲಿನಿಟಿಗೆ ಸುಮಾರು 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾಗುತ್ತದೆ. 420ರಲ್ಲಿ 20 ಹೋದರೆ ಟೆಸ್ಟ್ ಕಿಟ್ಟಿನಲ್ಲಿ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಆದರೆ 9.8ರಲ್ಲಿ 2.8 ಹೋಯಿತು ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ನಿಮ್ಮ ಆಲ್ಕಲಿನಿಟಿ ವಾರವಿಡೀ ಇಳಿಯುತ್ತಾ ಹೋಗಿ, ಭಾನುವಾರ ಒಂದೇ ಏಟಿಗೆ ಏರುತ್ತಿದೆ. 7.5ರಲ್ಲಿ ಇಡಿ, 9ರಲ್ಲಿ ಇಡಿ, ಹವಳ ಹೊಂದಿಕೊಳ್ಳುತ್ತದೆ. ಉಯ್ಯಾಲೆಗೆ ಹೊಂದಿಕೊಳ್ಳುವುದಿಲ್ಲ.

ಎರಡು ದಿನ ಏನೂ ಹಾಕದೆ, ಬೆಳಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಎಷ್ಟು ಇಳಿಯಿತೋ ಅದರ ಅರ್ಧ ದಿನದ ಖರ್ಚು. ನಿಮ್ಮ ಲೆಕ್ಕದಲ್ಲಿ ಅದು ದಿನಕ್ಕೆ 0.4 ಡಿಕೆಎಚ್ ಆಗಬಹುದು. ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬೊನೇಟ್, 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಕಲ್ಲು ಮರಳು ಕಳೆದು ನಿಮ್ಮಲ್ಲಿ 800 ಲೀಟರ್ ನೀರಿದ್ದರೆ ದಿನಕ್ಕೆ ಹತ್ತಿರ ಹತ್ತಿರ 10 ಗ್ರಾಂ. ಇದನ್ನು ಕರಗಿಸಿ ಡೋಸಿಂಗ್ ಪಂಪಿನಿಂದ ದಿನಪೂರ್ತಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ಕ್ಯಾಲ್ಸಿಯಂ ದ್ರಾವಣವನ್ನು ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ. ಎರಡೂ ಒಟ್ಟಿಗೆ ಸೇರಿದರೆ ಹಾಲಿನಂತೆ ಬೆಳ್ಳಗಾಗಿ ತಳಕ್ಕೆ ಇಳಿಯುತ್ತವೆ, ಹವಳಕ್ಕೆ ಸಿಗುವುದಿಲ್ಲ. ಮೆಗ್ನೀಸಿಯಂ 1250ರಿಂದ 1350ರ ನಡುವೆ ಇರಲಿ.

ಇನ್ನು ಆ ಸೊನ್ನೆ. ಹವಳದ ಒಳಗಿರುವ ಪಾಚಿಗೂ ಸಾರಜನಕ, ರಂಜಕ ಬೇಕು. ಆಲ್ಕಲಿನಿಟಿ ಮೇಲೆ, ಊಟ ಸೊನ್ನೆ: ತುದಿ ಸುಡುವುದು ಹೆಚ್ಚಾಗಿ ಈ ಜೋಡಿಯಿಂದಲೇ. ಸೊನ್ನೆ ಮುಂದುವರಿದರೆ ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆ ಬರಬಹುದು. ಅದು ಡೈನೊಫ್ಲಾಜೆಲೇಟ್, ಒಮ್ಮೆ ಬಂದರೆ ತಿಂಗಳುಗಟ್ಟಲೆ ಕಾಡುತ್ತದೆ. ಫಾಸ್ಫೇಟ್ ಹೀರುವ ರಿಯಾಕ್ಟರನ್ನು ಇವತ್ತೇ ನಿಲ್ಲಿಸಿ. ಮೀನಿಗೆ ಆಹಾರ ಸ್ವಲ್ಪ ಜಾಸ್ತಿ ಮಾಡಿ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಹೆದರಬೇಕಿಲ್ಲ. ಅಲ್ಲಿಯವರೆಗೆ ಆಲ್ಕಲಿನಿಟಿಯನ್ನು 8ರ ಹತ್ತಿರವೇ ಹಿಡಿದಿಡಿ.

ಪ್ರಶ್ನೆ: ಒಂದು ಕಲ್ಲಿನ ತುಂಬಾ ಕಂದು ಬಣ್ಣದ ಪಾಲಿಥೋವ (ಹವಳದ ಸಂಬಂಧಿ ಜೀವಿ) ಹಬ್ಬಿದೆ. ಕಲ್ಲನ್ನು ತೆಗೆದು ಕುದಿಸಿ ಸ್ವಚ್ಛ ಮಾಡೋಣ ಅಂದುಕೊಂಡಿದ್ದೇನೆ.

ಉತ್ತರ: ದಯವಿಟ್ಟು ಕುದಿಸಬೇಡಿ. ಬಿಸಿ ನೀರು ಕೂಡ ಸುರಿಯಬೇಡಿ. ಪಾಲಿಥೋವ, ಅದರ ಬಳಗದ ಕೆಲವು ಝೋವಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕಾಯಿಸಿದಾಗ ಹಬೆಯ ಜೊತೆ ಗಾಳಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬ್ರಷ್ಷಿನಿಂದ ಉಜ್ಜುವುದೂ ಬೇಡ, ಹನಿ ಕಣ್ಣಿಗೆ ಸಿಡಿಯುತ್ತದೆ. ಕಲ್ಲನ್ನೇ ಬಿಟ್ಟುಬಿಡುವುದು ಒಳ್ಳೆಯದು. ಕೈಗವಸು, ಕನ್ನಡಕ ಹಾಕಿಕೊಂಡು, ನೀರೊಳಗೇ ಚೀಲಕ್ಕೆ ಹಾಕಿ, ಬಿಗಿಯಾಗಿ ಕಟ್ಟಿ ವಿಲೇವಾರಿ ಮಾಡಿ. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಲೇಬೇಡಿ. ಆಮೇಲೆ ಜ್ವರ, ಉಸಿರಾಟದ ತೊಂದರೆ, ಬಾಯಲ್ಲಿ ಲೋಹದ ರುಚಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಪಾಲಿಟಾಕ್ಸಿನ್ ಅಂತ ಹೆಸರು ಹೇಳಿ.

ಪ್ರಶ್ನೆ: ರಾತ್ರಿ ಆರು ಗಂಟೆ ಕಾಲ ಕರೆಂಟ್ ಇರಲಿಲ್ಲ. ಬೆಳಗ್ಗೆ ದೊಡ್ಡ ಮೀನುಗಳೇ ಸತ್ತಿದ್ದವು, ಸಣ್ಣವು ಉಳಿದವು. ಮುಂದೆ ಏನು ಮಾಡಲಿ?

ಉತ್ತರ: ನಿಮ್ಮ ಮೀನು ಸತ್ತದ್ದು ಆಮ್ಲಜನಕ ಇಲ್ಲದೆ. 25 ಡಿಗ್ರಿಯ ಸಮುದ್ರದ ನೀರು ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ. ಸಿಹಿ ನೀರಾದರೆ 8ಕ್ಕಿಂತ ಜಾಸ್ತಿ. ರಾತ್ರಿ ಪಾಚಿಯೂ ಹವಳವೂ ಆಮ್ಲಜನಕ ಕೊಡುವುದಿಲ್ಲ, ಎಳೆದುಕೊಳ್ಳುತ್ತವೆ. ನೀರು ಅಲುಗಾಡದಿದ್ದರೆ ಮೇಲಿಂದ ಹೊಸದು ಇಳಿಯುವುದಿಲ್ಲ. ದೊಡ್ಡ ಮೀನಿಗೆ ಉಸಿರು ಜಾಸ್ತಿ ಬೇಕು, ಮೊದಲು ಹೋಗುವುದು ಅವೇ.

ಹೀಟರ್, ಲೈಟಿನ ಚಿಂತೆ ಆಮೇಲೆ. ಕರೆಂಟ್ ಹೋದ ಕ್ಷಣ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪುಗಳನ್ನು ಟ್ಯಾಂಕಿನ ಎರಡು ತುದಿಗೆ ಒಂದೊಂದು ಇಡಿ. ಡಿಸಿ ವೇವ್‌ಮೇಕರ್ ಇದ್ದರೆ ಒಂದಕ್ಕೆ ಬ್ಯಾಟರಿ ಬ್ಯಾಕಪ್ ಹಾಕಿಸಿ, ಅದರ ಮುಖ ನೀರಿನ ಮೇಲ್ಮೈಗೆ ತಿರುಗಿರಲಿ. ಏನೂ ಇಲ್ಲದ ಹೊತ್ತಿನಲ್ಲಿ ಜಗ್ಗಿನಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಸುರಿಯುತ್ತಾ ಇರಿ. ಕೈ ನೋಯುತ್ತದೆ, ಆದರೆ ಮೀನು ಉಳಿಯುತ್ತದೆ. ಕರೆಂಟ್ ಬರುವವರೆಗೆ ಊಟ ಹಾಕಬೇಡಿ.

ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯ ಫಿಲ್ಟರ್) ಇದ್ದರೆ ಕರೆಂಟ್ ಬಂದ ಕೂಡಲೇ ಅದು ತಾನಾಗಿ ಓಡದಂತೆ ಪ್ಲಗ್ ತೆಗೆದಿಡಿ. ಗಂಟೆಗಟ್ಟಲೆ ಮುಚ್ಚಿದ್ದ ಅದರೊಳಗಿನ ನೀರು ಕೊಳೆತಿರುತ್ತದೆ. ಆ ನೀರು ಚೆಲ್ಲಿ, ಒಳಗೆ ತೊಳೆದು, ಆಮೇಲೆ ಹಾಕಿ. ಹಗಲಲ್ಲಿ, ನೀವು ಎದುರಿಗಿರುವಾಗ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಪೈಪಿನಲ್ಲಿ ಇಳಿದು ಬರುವ ನೀರು ಸಂಪಿನಲ್ಲಿ (ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ) ಹಿಡಿಸುತ್ತದಾ, ಬ್ಯಾಟರಿ ಪಂಪ್ ನಿಜವಾಗಿ ಶುರುವಾಗುತ್ತದಾ ಅಂತ ಆಗಲೇ ಗೊತ್ತಾಗುತ್ತದೆ.